ಗರ್ಭಕೋಶದ ಮಾಮೂಲಿ ತಪಾಸಣೆ: ಪರದೆಯ ಆಚೆ ಏನೇನು ಮಾಡುತ್ತಾರೆ?

ಪ್ರಶ್ನೆ: ಸಂಘದ ಕಾರ್ಯದರ್ಶಿ, ತಿಪಟೂರು ಕಡೆ

ನಮ್ಮ ಸ್ವಸಹಾಯ ಸಂಘದ 14 ಹೆಂಗಸರಿಗೆ ಮುಂದಿನ ವಾರ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಗೊತ್ತಾಗಿದೆ. ವಯಸ್ಸು 31ರಿಂದ 58. ಯಾರಿಗೂ ಈಗ ದೊಡ್ಡ ತೊಂದರೆಯಿಲ್ಲ. ಮೂವತ್ತು ದಾಟಿದವರೆಲ್ಲ ಒಮ್ಮೆ ನೋಡಿಸಿಕೊಳ್ಳಿ ಅಂತ ಆಶಾ ಕಾರ್ಯಕರ್ತೆ ಹೆಸರು ಬರೆದುಕೊಂಡು ಹೋಗಿದ್ದಾರೆ. ಇವರಲ್ಲಿ ಬಹಳ ಜನ ಹೆರಿಗೆ ಹೊತ್ತಿನಲ್ಲಿ ಬಿಟ್ಟರೆ ಒಳ ಪರೀಕ್ಷೆ ಮಾಡಿಸಿಕೊಂಡವರೇ ಅಲ್ಲ. ಶನಿವಾರದ ಸಭೆಯಲ್ಲಿ ಅವರಿಗೆ ನಾನು ಎಲ್ಲವನ್ನೂ ವಿವರವಾಗಿ ಹೇಳಬೇಕು.

ಅವರು ಕೇಳಿರುವುದನ್ನು ಹಾಗೇ ಬರೆಯುತ್ತೇನೆ. ಬಟ್ಟೆ ಪೂರ್ತಿ ಬಿಚ್ಚಬೇಕಾ? ಗಂಡಸು ಡಾಕ್ಟರ್ ಇದ್ದರೆ ಏನು ಮಾಡೋದು? ಒಳಗೆ ಏನು ಹಾಕುತ್ತಾರೆ, ಕುಯ್ಯುತ್ತಾರಾ? ನೋವಾಗುತ್ತಾ? ಬಿಳಿ ಸೆರಗು ಹೋಗುತ್ತೆ ಅಂದರೆ ಗರ್ಭಕೋಶ ತೆಗೆಸು ಅನ್ನುತ್ತಾರಾ? ಕೊನೇ ಪ್ರಶ್ನೆಗೇ ನಾಲ್ಕು ಜನ ಹಿಂಜರಿದಿದ್ದಾರೆ. ಗೊತ್ತಿರುವವರು ಹಂತ ಹಂತವಾಗಿ ಹೇಳಿಕೊಡಿ.

ಉತ್ತರ 1: ಸಂಪಿಗೆ, ಸ್ತ್ರೀರೋಗ ತಜ್ಞೆ

ಹದಿನಾಲ್ಕೂ ಜನಕ್ಕೆ ಮೊದಲು ಇದನ್ನು ಹೇಳಿ. ಮೇಜಿನ ಮೇಲೆ ಮಲಗಿರುವುದು ಐದರಿಂದ ಹತ್ತು ನಿಮಿಷ. ಒಳಗೆ ಸಲಕರಣೆ ಇರುವುದು ಎರಡು ಮೂರು ನಿಮಿಷ ಮಾತ್ರ. ಏನನ್ನೂ ಕುಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಅರಿವಳಿಕೆಯ ಅಗತ್ಯವೂ ಇಲ್ಲ. ನಡುವೆ ಯಾವಾಗ ‘ನಿಲ್ಲಿಸಿ’ ಅಂದರೂ ನಿಲ್ಲಿಸಬೇಕು. ಅದು ಹೆಂಗಸರ ಹಕ್ಕು, ಡಾಕ್ಟರ್ ತೋರಿಸುವ ದಯೆಯಲ್ಲ.

ಕೋಣೆಗೆ ಹೋದ ತಕ್ಷಣ ಮಲಗಿಸುವುದಿಲ್ಲ. ಮೊದಲು ಕೂರಿಸಿ ಪ್ರಶ್ನೆ ಕೇಳುತ್ತಾರೆ, ನಿಜ ಹೇಳಬೇಕೆಂದರೆ ಅರ್ಧ ತಪಾಸಣೆ ಅಲ್ಲೇ ಮುಗಿಯುತ್ತದೆ. ಕೊನೆಯ ಸಲ ಮುಟ್ಟಾದದ್ದು ಯಾವ ತಾರೀಕು ಅಂತ ಕೇಳಿದಾಗ ಮುಟ್ಟು ನಿಂತ ದಿನವನ್ನಲ್ಲ, ಶುರುವಾದ ದಿನವನ್ನು ಹೇಳಬೇಕು. ಎಷ್ಟು ದಿನಕ್ಕೊಮ್ಮೆ ಆಗುತ್ತದೆ, ಎಷ್ಟು ದಿನ ಹೋಗುತ್ತದೆ, ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ, ಗಡ್ಡೆ ಗಡ್ಡೆಯಾಗಿ ಬೀಳುತ್ತದೆಯೇ, ರಾತ್ರಿ ಎದ್ದು ಬದಲಾಯಿಸಬೇಕಾಗುತ್ತದೆಯೇ ಎಂದು ಕೇಳುತ್ತಾರೆ. ‘ಜಾಸ್ತಿ ಹೋಗುತ್ತೆ’ ಅಂದರೆ ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ‘ಎರಡನೇ ದಿನ ಆರು ಪ್ಯಾಡ್, ರಾತ್ರಿ ಹಾಸಿಗೆಗೆ ತಾಗುತ್ತೆ’ ಅಂದರೆ ವೈದ್ಯರಿಗೆ ಅಳತೆ ಸಿಗುತ್ತದೆ.

ಆಮೇಲೆ ಹೆರಿಗೆ, ಗರ್ಭಪಾತ, ಆಗಿರುವ ಆಪರೇಷನ್, ಕಾಪರ್ ಟಿ, ಬಿಪಿ-ಶುಗರ್-ಥೈರಾಯ್ಡ್ ಮಾತ್ರೆಗಳ ವಿಚಾರ ಬರುತ್ತದೆ. ಚೀಟಿಯಲ್ಲಿ ‘ಪಿ3 ಎಲ್2 ಎ1’ ಅಂತ ಬರೆದರೆ ಮೂರು ಹೆರಿಗೆ, ಬದುಕಿರುವ ಮಕ್ಕಳು ಎರಡು, ಗರ್ಭಪಾತ ಒಂದು ಎಂದರ್ಥ. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದಾರೆಂದು ಹಳೆಯ ಗರ್ಭಪಾತವನ್ನು ಮುಚ್ಚಿಡುವುದು ಸಾಮಾನ್ಯ. ‘ಡಾಕ್ಟ್ರೇ, ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು’ ಅಂದರೆ ಸಾಕು, ಜೊತೆಯವರನ್ನು ಹೊರಗೆ ಕಳಿಸುತ್ತಾರೆ.

ಮೂರು ವಿಷಯಗಳನ್ನು ಮಾತ್ರ ಕೇಳದಿದ್ದರೂ ತಾವಾಗಿಯೇ ಹೇಳಬೇಕು: ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸುವುದು, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿಯಾದರೂ ರಕ್ತ ಕಾಣಿಸುವುದು, ವಾಸನೆ ಇರುವ ಅಥವಾ ರಕ್ತ ಬೆರೆತ ಸೆರಗು. ಇವು ಇದ್ದರೆ ಅದು ಮಾಮೂಲಿ ತಪಾಸಣೆಯಾಗಿ ಉಳಿಯುವುದಿಲ್ಲ. ಪರೀಕ್ಷೆಯ ದಾರಿಯೇ ಬೇರೆ.

ತೂಕ, ಬಿಪಿ ನೋಡುತ್ತಾರೆ. ಕಣ್ಣಿನ ಕೆಳರೆಪ್ಪೆ ಎಳೆದು ರಕ್ತಹೀನತೆ ಇದೆಯೇ ಎಂದು ನೋಡುತ್ತಾರೆ. ಕುತ್ತಿಗೆ ಮುಟ್ಟಿ ಥೈರಾಯ್ಡ್ ಗಡ್ಡೆ ಇದೆಯೇ ನೋಡುತ್ತಾರೆ. ಸ್ತನ ಪರೀಕ್ಷೆಯಲ್ಲಿ ಮೊದಲು ಕೂತು ಎರಡೂ ಕೈ ಮೇಲೆತ್ತಲು ಹೇಳುತ್ತಾರೆ. ಕೈ ಎತ್ತಿದಾಗ ಚರ್ಮ ಎಲ್ಲಾದರೂ ಒಳಕ್ಕೆ ಎಳೆದಂತೆ ಆಗುತ್ತದೆಯೇ, ತೊಟ್ಟು ಒಂದು ಪಕ್ಕಕ್ಕೆ ತಿರುಗಿದೆಯೇ ಎಂದು ಕಣ್ಣಲ್ಲೇ ಗೊತ್ತಾಗುತ್ತದೆ. ಆಮೇಲೆ ಬೆರಳುಗಳ ಮೆದು ಭಾಗದಿಂದ ಸುತ್ತ ಒತ್ತಿ, ಕಂಕುಳನ್ನೂ ನೋಡುತ್ತಾರೆ. ಕಂಕುಳು ನೋಡದೇ ಬಿಟ್ಟರೆ ಕೇಳಿ ನೋಡಿಸಿಕೊಳ್ಳಿ.

ಇನ್ನು ಒಳ ಪರೀಕ್ಷೆ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟವನ್ನು ಮೇಜಿನ ಅಂಚಿನವರೆಗೆ ಜಾರಿಸಿಕೊಳ್ಳಬೇಕು. ಬಹಳ ಜನ ನಾಚಿಕೆಯಿಂದ ಒಂದು ಗೇಣು ಹಿಂದೆಯೇ ಉಳಿಯುತ್ತಾರೆ. ಆಗ ಸಲಕರಣೆಯ ಹಿಡಿ ಮೇಜಿಗೆ ತಗುಲಿ ಸರಿಯಾದ ಕೋನ ಸಿಗದೆ ನೋವು ಹೆಚ್ಚುತ್ತದೆ. ಹಾಗಾಗಿ ಸಿಸ್ಟರ್ ‘ಇನ್ನೂ ಕೆಳಗೆ ಬನ್ನಿ’ ಅಂದರೆ ಪೂರ್ತಿ ಬನ್ನಿ. ಮೊದಲು ಹೊರಭಾಗವನ್ನು ನೋಡುತ್ತಾರೆ: ಹುಣ್ಣು, ಬಿಳಿ ಮಚ್ಚೆ, ಊತ ಇದೆಯೇ ಎಂದು. ‘ಕೆಮ್ಮಿ’ ಅನ್ನುತ್ತಾರೆ. ಕೆಮ್ಮಿದಾಗ ಗರ್ಭಕೋಶ ಅಥವಾ ಮೂತ್ರಚೀಲದ ಭಾಗ ಕೆಳಗೆ ಜಾರುತ್ತದೆಯೇ, ಮೂತ್ರ ಸೋರುತ್ತದೆಯೇ ಎಂದು ತಿಳಿಯಲಿಕ್ಕೆ. ಒಂದೆರಡು ಹನಿ ಸೋರಿದರೆ ಅವಮಾನವೇನಿಲ್ಲ. ಹಾಗೆ ಕೆಮ್ಮಿಸುವುದೇ ಅದನ್ನು ನೋಡಲಿಕ್ಕೆ.

ಸ್ಪೆಕ್ಯುಲಮ್ ಅಂದರೆ ಬಾತುಕೋಳಿಯ ಕೊಕ್ಕಿನಂತೆ ಎರಡು ದಳ ಇರುವ ಸ್ಟೀಲ್ ಅಥವಾ ಪ್ಲಾಸ್ಟಿಕ್ ಸಲಕರಣೆ. ಮುಚ್ಚಿದ ಸ್ಥಿತಿಯಲ್ಲೇ ನಿಧಾನವಾಗಿ ಒಳಗೆ ಸರಿಸಿ, ಆಮೇಲೆ ಸ್ವಲ್ಪ ತೆರೆದು ತಿರುಪು ಬಿಗಿಯುತ್ತಾರೆ. ಆಗ ಗರ್ಭಕೋಶದ ಬಾಯಿ ಎದುರಿಗೆ ಕಾಣುತ್ತದೆ. ಸ್ಟೀಲಿನದ್ದಾದರೆ ತಣ್ಣಗಿರುತ್ತದೆ, ಬೆಚ್ಚನೆ ನೀರಲ್ಲಿ ಅದ್ದಿ ಬಳಸಿ ಅಂತ ಕೇಳಬಹುದು. ಚಿಕ್ಕದು, ಮಧ್ಯಮ, ದೊಡ್ಡದು ಅಂತ ಅಳತೆಗಳಿವೆ. ಮಕ್ಕಳಾಗದವರಿಗೆ, ಮುಟ್ಟು ನಿಂತವರಿಗೆ ಚಿಕ್ಕದು ಬಳಸಬೇಕು. ನಮ್ಮಲ್ಲಿ ಕೆಲವು ಕಡೆ ಕೊಕ್ಕಿನ ಬದಲು ಎರಡೂ ತುದಿ ಬಾಗಿದ ಸಿಮ್ಸ್ ಸ್ಪೆಕ್ಯುಲಮ್ ಬಳಸುತ್ತಾರೆ. ಅದಕ್ಕೆ ಎಡ ಮಗ್ಗುಲಾಗಿ ಮಲಗಲು ಹೇಳಬಹುದು. ಅದೂ ಸರಿಯಾದ ಕ್ರಮವೇ.

ಆಗ ಆಗುವುದು ಒತ್ತಡ, ತುಂಬಿದಂತಹ ಭಾವ. ಚುಚ್ಚಿದಂತೆ ನೋವಾಗಬಾರದು. ಹಾಗೇನಾದರೂ ನೋವಾದರೆ ಅದಕ್ಕೊಂದು ಕಾರಣ ಇರುತ್ತದೆ: ಸ್ನಾಯು ಬಿಗಿ ಹಿಡಿದಿರುವುದು, ಒಣಗಿರುವುದು, ಸೋಂಕು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ), ಅಥವಾ ಅಳತೆ ತಪ್ಪಿದ ಸ್ಪೆಕ್ಯುಲಮ್. ‘ಲೂಸ್ ಬಿಡಿ’ ಅಂತ ನಾವು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ ಅದು. ಅದಕ್ಕೊಂದು ಉಪಾಯ ಹೇಳಿಕೊಡಿ: ಬಾಯಿ ಸ್ವಲ್ಪ ತೆರೆದು ಉದ್ದಕ್ಕೆ ಉಸಿರು ಬಿಡುವುದು, ಬೆನ್ನಿನ ಕೆಳಭಾಗವನ್ನು ಮೇಜಿಗೆ ಒತ್ತಿಕೊಳ್ಳುವುದು, ಕಾಲ್ಬೆರಳುಗಳನ್ನು ಸಡಿಲ ಬಿಡುವುದು. ಸೊಂಟ ಮೇಲೆತ್ತಿದರೆ ಬಿಗಿತ ಹೆಚ್ಚುತ್ತದೆ. ಕೆಳಕ್ಕೆ ಒತ್ತಿದರೆ ತಾನಾಗಿ ಸಡಿಲವಾಗುತ್ತದೆ.

ಗರ್ಭಕೋಶದ ಬಾಯಿ ಕಂಡ ಮೇಲೆ, ಅಲ್ಲಿ ಕ್ಯಾನ್ಸರ್ ಅಥವಾ ಅದರ ಮುಂಚಿನ ಬದಲಾವಣೆ ಇದೆಯೇ ನೋಡಲು ಎರಡರಲ್ಲೊಂದು ಪರೀಕ್ಷೆ ಮಾಡುತ್ತಾರೆ. ಸರ್ಕಾರಿ ವ್ಯವಸ್ಥೆಯಲ್ಲಿ ಹೆಚ್ಚಾಗಿ ವಿಐಎ. ಶೇಕಡಾ 3ರಿಂದ 5ರ ಅಸಿಟಿಕ್ ಆಮ್ಲವನ್ನು, ಅಂದರೆ ಅಡುಗೆಯ ವಿನೆಗರ್‌ನಷ್ಟೇ ತೀಕ್ಷ್ಣವಾದದ್ದನ್ನು, ಹತ್ತಿಯಲ್ಲಿ ಅದ್ದಿ ಬಾಯಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ತಣ್ಣಗೆ, ಸ್ವಲ್ಪ ಚುರುಚುರು ಅನ್ನಿಸಬಹುದು. ಬದಲಾದ ಕೋಶಗಳಿರುವ ಜಾಗ ದಟ್ಟ ಬಿಳಿಯಾಗಿ ಕಾಣುತ್ತದೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಎಂದು ಹೇಳಿರುವುದು ಇದನ್ನೇ. ಇನ್ನೊಂದು ಪ್ಯಾಪ್ ಸ್ಮಿಯರ್. ಮರದ ಚಪ್ಪಟೆ ಕಡ್ಡಿ ಅಥವಾ ಪುಟ್ಟ ಬ್ರಷ್‌ನಿಂದ ಬಾಯಿಯ ಮೇಲಿನ ಕೋಶಗಳನ್ನು ಸವರಿ ತೆಗೆಯುತ್ತಾರೆ. ಅದನ್ನು ಲ್ಯಾಬಿಗೆ ಕಳಿಸಬೇಕು.

ಇಲ್ಲಿ ಒಂದು ಮಾತು ತಪ್ಪದೆ ನೆನಪಿಡಿ: ಮುಟ್ಟು ನಿಂತವರಿಗೆ ವಿಐಎ ಅಷ್ಟು ನಂಬಲರ್ಹವಲ್ಲ. ಕೋಶಗಳು ಬದಲಾಗುವ ಜಾಗ ವಯಸ್ಸಾದಂತೆ ಬಾಯಿಯ ಒಳಕ್ಕೆ ಸರಿದು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಸಂಘದಲ್ಲಿ ಮುಟ್ಟು ನಿಂತವರೆಲ್ಲ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ (ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ವೈರಸ್ ಇದೆಯೇ ಎಂದು ನೋಡುವುದು) ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿಕೊಳ್ಳಲಿ.

ಸ್ಪೆಕ್ಯುಲಮ್ ತೆಗೆದ ಮೇಲೆ ಕೊನೆಯದು ಕೈ ಪರೀಕ್ಷೆ. ಕೈಗವಸಿಗೆ ಜೆಲ್ ಹಚ್ಚಿ ಎರಡು ಬೆರಳು ಒಳಗೆ, ಇನ್ನೊಂದು ಕೈ ಕಿಬ್ಬೊಟ್ಟೆಯ ಮೇಲೆ. ಎರಡೂ ಕೈಗಳ ನಡುವೆ ಗರ್ಭಕೋಶದ ಗಾತ್ರ, ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ, ಅಲುಗಾಡಿಸಿದಾಗ ನೋವಿದೆಯೇ, ಪಕ್ಕದಲ್ಲಿ ಅಂಡಾಶಯದ ಗಡ್ಡೆ ಸಿಗುತ್ತದೆಯೇ ಎಂದು ನೋಡುತ್ತಾರೆ. ಗರ್ಭಿಣಿಯಲ್ಲದವಳ ಗರ್ಭಕೋಶ ಸುಮಾರು ಏಳೂವರೆ ಸೆಂಟಿಮೀಟರ್ ಉದ್ದ, ಒಂದು ಪುಟ್ಟ ಸೀಬೆಹಣ್ಣಿನಷ್ಟು. ಹಿಂದಕ್ಕೆ ಬಾಗಿದ ಗರ್ಭಕೋಶ ರೋಗವಲ್ಲ, ಎಷ್ಟೋ ಜನರಿಗೆ ಹುಟ್ಟಿನಿಂದಲೇ ಹಾಗಿರುತ್ತದೆ. ಈ ಪರೀಕ್ಷೆಯಲ್ಲಿ ಮೂತ್ರಚೀಲ ಖಾಲಿಯಿರಬೇಕು. ತುಂಬಿದ್ದರೆ ಅದೇ ಗಡ್ಡೆಯಂತೆ ಕೈಗೆ ಸಿಗುತ್ತದೆ.

ಉತ್ತರ 2: ಒಪಿಡಿ ಸಿಸ್ಟರ್

ಡಾಕ್ಟರ್ ಮೇಡಂ ಒಳಗಿಂದು ಹೇಳಿದಾರೆ, ನಾನು ಬಾಗಿಲ ಹೊರಗಿಂದು ಹೇಳ್ತೀನಿ. ಅರ್ಧ ಗಾಬರಿ ಶುರುವಾಗೋದು ಅಲ್ಲೇ.

ಬಟ್ಟೆ ಪೂರ್ತಿ ಬಿಚ್ಚೋ ಹಾಗಿಲ್ಲ ಅಕ್ಕ. ಸೀರೆ ಉಟ್ಟವರಿಗೇ ಇದು ಎಲ್ಲರಿಗಿಂತ ಸುಲಭ. ಒಳಉಡುಪು ಮಾತ್ರ ತೆಗೆದು ಬ್ಯಾಗಲ್ಲಿ ಇಟ್ಕೊಂಡು, ಲಂಗದ ಸಮೇತ ಸೀರೆ ಮಂಡಿವರೆಗೆ ಎತ್ಕೊಂಡರೆ ಆಯ್ತು. ಸ್ತನ ಪರೀಕ್ಷೆಗೆ ಮುಂದೆ ಹುಕ್ ಇರೋ ರವಿಕೆ ಅನುಕೂಲ. ಚೂಡಿದಾರ್ ಹಾಕೋರು ಉದ್ದನೆ ಟಾಪ್ ಹಾಕ್ಕೊಂಡು ಬನ್ನಿ, ಪ್ಯಾಂಟ್ ತೆಗೆದರೂ ತೊಡೆ ಮುಚ್ಚಿರುತ್ತೆ. ಲೆಗ್ಗಿಂಗ್ಸು, ಜೀನ್ಸು ಬೇಡ. ಕ್ಯೂ ಇದ್ದಾಗ ಬಿಚ್ಚಿ ಹಾಕೋ ಅವಸರದಲ್ಲೇ ಮುಜುಗರ ಜಾಸ್ತಿ ಆಗೋದು. ತಾಳಿ, ಕಾಲುಂಗುರ, ಉಡಿದಾರ ಏನೂ ತೆಗೀಬೇಕಿಲ್ಲ. ಹೊದಿಸೋಕೆ ಆಸ್ಪತ್ರೆ ಬಟ್ಟೆ ಸಾಲದೆ ಬರಬಹುದು, ಒಂದು ಹಳೇ ಪಂಚೆ ಅಥವಾ ಟವೆಲ್ ಮಡಚಿ ತನ್ನಿ. ಜೊತೆಗೆ ಒಂದು ಪ್ಯಾಡ್.

ಮುಟ್ಟಿನ ಲೆಕ್ಕ ಹೀಗೆ: ಶುರುವಾದ ದಿನವನ್ನ ಒಂದು ಅಂತ ಎಣಿಸಿ, 10ರಿಂದ 20ನೇ ದಿನದೊಳಗೆ ಬಂದರೆ ಒಳ್ಳೇದು. ಪ್ಯಾಪ್ ಇದ್ದರೆ ಹಿಂದಿನ 48 ಗಂಟೆ ಗಂಡನ ಜೊತೆ ಸೇರೋದು ಬೇಡ, ಒಳಗೆ ಇಡೋ ಮಾತ್ರೆ-ಕ್ರೀಮ್ ಬೇಡ, ಒಳಗೆ ನೀರು ಹಾಕಿ ತೊಳೆಯೋದಂತೂ ಬೇಡವೇ ಬೇಡ. ‘ಡಾಕ್ಟರ್ ನೋಡ್ತಾರೆ, ಚೊಕ್ಕಟ ಇರ್ಲಿ’ ಅಂತ ಆಂಟಿಸೆಪ್ಟಿಕ್ ಹಾಕಿ ತೊಳ್ಕೊಂಡು ಬರೋರು ತುಂಬಾ ಜನ. ನೋಡಬೇಕಾದ ಸೆರಗೇ ತೊಳೆದು ಹೋಗಿರುತ್ತೆ, ಮೇಲೆ ಉರಿ ಬೇರೆ. ದಿನಾ ಮಾಡೋ ಸ್ನಾನ ಸಾಕು. ಕೂದಲು ತೆಗೆಯೋ ಅಗತ್ಯ ಇಲ್ಲ. ಬ್ಲೇಡ್ ತಾಗಿ ಗಾಯ ಮಾಡ್ಕೊಂಡು ಬಂದರೆ ವಿನೆಗರ್ ಹನಿ ಬಿದ್ದಾಗ ಉರಿಯುತ್ತೆ.

ಆದರೆ ಒಂದು ಎಚ್ಚರಿಕೆ. ಹದಿನೈದು ದಿನದಿಂದ ರಕ್ತ ನಿಂತೇ ಇಲ್ಲ ಅನ್ನೋರು ‘ನಿಂತ ಮೇಲೆ ಹೋಗ್ತೀನಿ’ ಅಂತ ಕಾಯಬಾರದು. ಅವರು ರಕ್ತ ಹೋಗ್ತಿರುವಾಗಲೇ ಬರಬೇಕು.

ಬಂದ ತಕ್ಷಣ ಮೂತ್ರಕ್ಕೆ ಹೋಗಿ ಬಿಡಬೇಡಿ. ಮೂತ್ರ ಪರೀಕ್ಷೆ ಬರೆದಿದ್ದರೆ ಮೊದಲು ಬಾಟಲಿ ಇಸ್ಕೊಳ್ಳಿ, ಶುರುವಿನದ್ದು ಬಿಟ್ಟು ನಡುವಿನದ್ದು ಹಿಡಿದು ಕೊಡಿ. ಹಾಗೇ ಹೊಟ್ಟೆ ಮೇಲಿಂದ ಮಾಡೋ ಸ್ಕ್ಯಾನ್ ಇದೆಯಾ ಕೇಳಿ. ಅದಕ್ಕೆ ಮೂತ್ರಚೀಲ ತುಂಬಿರಬೇಕು, ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡೀಬೇಕು. ಒಳ ಪರೀಕ್ಷೆಗೆ ಖಾಲಿ, ಈ ಸ್ಕ್ಯಾನಿಗೆ ಭರ್ತಿ. ಯಾವುದು ಮೊದಲು ಅಂತ ಕೇಳದೆ ಹೋದರೆ ಎರಡು ಸಲ ಅಲೆದಾಟ.

ಗಂಡಸು ಡಾಕ್ಟರ್ ಇದ್ದರೆ ಪರೀಕ್ಷೆ ಹೊತ್ತಲ್ಲಿ ಒಬ್ಬ ಹೆಂಗಸು ಅಲ್ಲೇ ಇರಬೇಕು, ಸಿಸ್ಟರ್ ಆಗಲಿ ನಿಮ್ಮ ಜೊತೆ ಬಂದವರಾಗಲಿ. ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದು ಇದೆ. ಲೇಡಿ ಡಾಕ್ಟರೇ ಬೇಕು ಅಂದರೆ ಚೀಟಿ ಮಾಡಿಸುವಾಗಲೇ ಹೇಳಿ, ಅವರ ಡ್ಯೂಟಿ ದಿನ ಹೇಳ್ತಾರೆ. ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ ವಿದ್ಯಾರ್ಥಿಗಳು ಇರ್ತಾರೆ. ‘ನನ್ನನ್ನ ಒಬ್ಬರೇ ನೋಡ್ಲಿ’ ಅಂತ ಹೇಳಬಹುದು. ಹೇಳಿದ್ದಕ್ಕೆ ಚಿಕಿತ್ಸೆ ತಪ್ಪಿಸೋ ಹಾಗಿಲ್ಲ. ಒಳಗೆ ಯಾರ ಕೈಯಲ್ಲೂ ಮೊಬೈಲ್ ಇರಬಾರದು.

ಒಬ್ಬರಿಗೆ ಬಳಸಿದ ಸ್ಪೆಕ್ಯುಲಮ್ ಮತ್ತೆ ಸ್ಟೆರಿಲೈಜ್ ಆಗದೆ ಇನ್ನೊಬ್ಬರಿಗೆ ಹಾಕುವಂತಿಲ್ಲ. ಕ್ಯಾಂಪಿನಲ್ಲಿ ‘ಇದು ಹೊಸ ಪ್ಯಾಕಾ ಸಿಸ್ಟರ್?’ ಅಂತ ಕೇಳಿದರೆ ನಮಗೇನೂ ಬೇಜಾರಿಲ್ಲ. ಕೇಳಬೇಕು.

ಉತ್ತರ 3: ಸ್ಲೈಡ್ ನೋಡುವವಳು, ಸೈಟಾಲಜಿ ಲ್ಯಾಬ್

ಪ್ಯಾಪ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ವರದಿ ಕೈಗೆ ಬಂದ ಮೇಲೆ ನಿದ್ದೆ ಕೆಡಿಸಿಕೊಳ್ಳುವವರು ಬಹಳ.

ಕಡ್ಡಿಯನ್ನು ಗರ್ಭಕೋಶದ ಬಾಯಿಗೆ ಒತ್ತಿ ಒಂದು ಪೂರ್ತಿ ಸುತ್ತು ತಿರುಗಿಸುತ್ತಾರೆ. ಬ್ರಷ್ ಆದರೆ ಕಾಲು ಅಥವಾ ಅರ್ಧ ಸುತ್ತು ಸಾಕು, ಹೆಚ್ಚು ತಿರುಗಿಸಿದರೆ ರಕ್ತ ಬಂದು ಕೋಶಗಳು ಮುಚ್ಚಿಹೋಗುತ್ತವೆ. ಸವರಿದ್ದನ್ನು ಗಾಜಿನ ಮೇಲೆ ತೆಳುವಾಗಿ ಎಳೆದು ತಕ್ಷಣ ಶೇಕಡಾ 95ರ ಆಲ್ಕೋಹಾಲ್‌ನಲ್ಲಿ ಮುಳುಗಿಸಬೇಕು. ತಕ್ಷಣ ಅಂದರೆ ಕೆಲವೇ ಸೆಕೆಂಡು. ಫ್ಯಾನ್ ಗಾಳಿಗೆ ಒಣಗಿದರೆ ಕೋಶ ಉಬ್ಬಿಕೊಂಡು, ಕೋಶಕೇಂದ್ರ ಮಸುಕಾಗಿ, ಸರಿಯಿದೆಯೋ ಕೆಟ್ಟಿದೆಯೋ ಹೇಳಲಾಗುವುದಿಲ್ಲ. ಹೆಸರು, ನಂಬರನ್ನು ಸ್ಲೈಡಿನ ಮಸುಕಾದ ಒರಟು ತುದಿಯಲ್ಲಿ ಸೀಸದ ಪೆನ್ಸಿಲಿನಿಂದಲೇ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲಲ್ಲಿ ಕರಗುತ್ತದೆ. ಹದಿನಾಲ್ಕು ಜನರ ಸ್ಲೈಡ್ ಒಂದೇ ದಿನ ಹೋಗುವಾಗ ಈ ಪೆನ್ಸಿಲ್ ಗುರುತು ಬಹಳ ಮುಖ್ಯ. ನಿಮ್ಮ ಎದುರಿಗೇ ಬರೆಯಲಿ.

ವರದಿಯಲ್ಲಿ ‘ಅನ್‌ಸ್ಯಾಟಿಸ್ಫ್ಯಾಕ್ಟರಿ’ ಅಂದರೆ ರೋಗ ಅಂತಲ್ಲ. ಸ್ಲೈಡಿನಲ್ಲಿ ಸಾಕಷ್ಟು ಕೋಶಗಳಿಲ್ಲ, ಅಥವಾ ಮುಕ್ಕಾಲು ಭಾಗಕ್ಕಿಂತ ಹೆಚ್ಚು ರಕ್ತವೋ ಕೀವೋ ಮುಚ್ಚಿದೆ ಎಂದರ್ಥ. ಗಾಜಿನ ಸ್ಲೈಡಿಗೆ ಕನಿಷ್ಠ 8,000ದಿಂದ 12,000 ಕೋಶ ಬೇಕು. ಮತ್ತೆ ಕೊಡಬೇಕಾಗುತ್ತದೆ, ಅಷ್ಟೇ. ‘ಎನ್‌ಐಎಲ್‌ಎಂ’ ಅಂದರೆ ಕ್ಯಾನ್ಸರಿನ ಅಥವಾ ಅದರ ಮುಂಚಿನ ಬದಲಾವಣೆ ಕಂಡಿಲ್ಲ. ಅದರ ಕೆಳಗೆ ‘ಇನ್‌ಫ್ಲಮೇಟರಿ’ ಅಂತ ಇನ್ನೊಂದು ಸಾಲು ಇದ್ದರೆ ಉರಿಯೂತದ ಕೋಶಗಳು ಕಂಡಿವೆ ಅಂತ ಮಾತ್ರ. ಕಾಪರ್ ಟಿ ಇರುವವರಿಗೆ, ಮುಟ್ಟು ನಿಂತವರಿಗೆ, ಸಣ್ಣ ಸೋಂಕಿರುವವರಿಗೆ ಇದು ತೀರಾ ಸಾಮಾನ್ಯ. ಈ ಒಂದು ಪದ ಓದಿ ಅತ್ತವರಿದ್ದಾರೆ, ದಯವಿಟ್ಟು ಸಭೆಯಲ್ಲಿ ಹೇಳಿ.

‘ಆಸ್ಕಸ್’ ಅಂದರೆ ಅನುಮಾನ, ಖಚಿತವಿಲ್ಲ. ಎಚ್‌ಪಿವಿ ಪರೀಕ್ಷೆ ಮಾಡಿಸಬೇಕು, ಇಲ್ಲವೇ ವರ್ಷ ಬಿಟ್ಟು ಮತ್ತೆ ಪ್ಯಾಪ್. ‘ಎಲ್‌ಎಸ್‌ಐಎಲ್’ ಸೌಮ್ಯ ಬದಲಾವಣೆ, ಬಹುಪಾಲು ತಾನಾಗಿ ಸರಿಹೋಗುತ್ತದೆ, ಆದರೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮತ್ತೆ ತೋರಿಸಬೇಕು. ‘ಎಚ್‌ಎಸ್‌ಐಎಲ್’ ಬಂದರೆ ಮುಂದೂಡುವ ಮಾತಿಲ್ಲ, ಕಾಲ್ಪೊಸ್ಕೋಪಿ (ಗರ್ಭಕೋಶದ ಬಾಯಿಯನ್ನು ದೊಡ್ಡದು ಮಾಡಿ ತೋರಿಸುವ ಯಂತ್ರದಲ್ಲಿ ನೋಡುವುದು) ಮಾಡಿಸಿ ಅಗತ್ಯವಿದ್ದರೆ ಚೂರು ತುಣುಕು ತೆಗೆದು ಪರೀಕ್ಷಿಸಬೇಕು. ಆ ಹಂತದಲ್ಲೂ ಅದು ಕ್ಯಾನ್ಸರಲ್ಲ, ಕ್ಯಾನ್ಸರ್ ಆಗುವ ಮೊದಲೇ ಹಿಡಿದ ಹಾಗೆ. ಬೆಂಗಳೂರಿನ ಕಿದ್ವಾಯಿಯಂಥ ಕಡೆಗೆ ಕಳಿಸಿದರೆ ‘ಕ್ಯಾನ್ಸರ್ ಆಸ್ಪತ್ರೆ’ ಅನ್ನುವ ಹೆಸರಿಗೇ ಹೆದರಿ ಹೋಗದೇ ಉಳಿಯುವುದು ದೊಡ್ಡ ತಪ್ಪು.

ಪ್ರಶ್ನೆ ಕೇಳಿದವರು: ಸಂಘದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ, ಬರೆದುಕೊಂಡೆ. ಇನ್ನೆರಡು ಕೇಳಬೇಕು. ಒಬ್ಬರ ಹಳೇ ಚೀಟಿಯಲ್ಲಿ ‘ಯುಟೆರಸ್ 10 ವೀಕ್ಸ್ ಸೈಜ್’ ಅಂತ ಬರೆದಿದ್ದಾರೆ. ಅವರಿಗೆ ಮಕ್ಕಳಾಗದ ಆಪರೇಷನ್ ಆಗಿ 12 ವರ್ಷ. ಮನೆಯಲ್ಲಿ ಯಾರಿಗೂ ತೋರಿಸದೆ ಚೀಟಿ ಬಚ್ಚಿಟ್ಟುಕೊಂಡಿದ್ದಾರೆ. ಇನ್ನೊಬ್ಬರು ಮದುವೆಯಾಗದ 22 ವರ್ಷದ ಮಗಳಿಗೂ ನೋಡಿಸಲಾ ಅನ್ನುತ್ತಿದ್ದಾರೆ.

ಉತ್ತರ 4: ಸಂಪಿಗೆ, ಸ್ತ್ರೀರೋಗ ತಜ್ಞೆ

ಆ ಚೀಟಿ ಬಚ್ಚಿಟ್ಟವರಿಗೆ ಇವತ್ತೇ ಫೋನ್ ಮಾಡಿ ಹೇಳಿ, ಶನಿವಾರದವರೆಗೆ ಕಾಯಬೇಡಿ. ಅದು ಗರ್ಭ ಅಂತಲ್ಲ. ಗರ್ಭಕೋಶ ದೊಡ್ಡದಾಗಿದ್ದರೆ ಎಷ್ಟು ದೊಡ್ಡದು ಎಂದು ಹೇಳಲು ನಮ್ಮ ಹಳೆಯ ಅಳತೆಗೋಲು ಅದು: ಹತ್ತು ವಾರದ ಬಸುರಿಯ ಗರ್ಭಕೋಶ ಎಷ್ಟಿರುತ್ತದೋ ಅಷ್ಟಿದೆ ಅಂತ. ಫೈಬ್ರಾಯ್ಡ್ ಅನ್ನುವ ಕ್ಯಾನ್ಸರಲ್ಲದ ಗಡ್ಡೆಯಿಂದ ಅಥವಾ ಅಡಿನೊಮಯೋಸಿಸ್‌ನಿಂದ (ಒಳಪೊರೆ ಗರ್ಭಕೋಶದ ಗೋಡೆಯೊಳಕ್ಕೆ ಬೆಳೆಯುವುದು) ಹೀಗಾಗಿರಬಹುದು. ಮುಟ್ಟಿನಲ್ಲಿ ಹೆಚ್ಚು ಹೋಗುವುದು, ಒತ್ತಡ, ಪದೇ ಪದೇ ಮೂತ್ರ ಇವೇನೂ ಇಲ್ಲದಿದ್ದರೆ ಬರೀ ಗಾತ್ರಕ್ಕೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಒಂದು ಸ್ಕ್ಯಾನ್ ಮಾಡಿಸಿ ಹಳೆಯದರ ಜೊತೆ ಹೋಲಿಸಿದರೆ ಸಾಕು. ಇಂಥದ್ದನ್ನು ಬರೆಯುವಾಗ ಬಾಯಲ್ಲೂ ಒಂದು ಮಾತು ಹೇಳುವುದು ನಮ್ಮ ವೈದ್ಯರ ಕರ್ತವ್ಯ. ಹೇಳದೇ ಬಿಟ್ಟದ್ದರಿಂದ ಒಬ್ಬ ಹೆಂಗಸು ಇಷ್ಟು ದಿನ ಸಂಕಟಪಟ್ಟರು.

ಮಗಳ ವಿಷಯ. ಸಂಪರ್ಕವೇ ಆಗದವರಿಗೆ, ತೊಂದರೆಯೂ ಇಲ್ಲದಿದ್ದರೆ ಒಳ ಪರೀಕ್ಷೆ ಬೇಕಿಲ್ಲ. ಮುಟ್ಟಿನ ಸಮಸ್ಯೆ ಇದ್ದರೆ ಮಾತು, ರಕ್ತ ಪರೀಕ್ಷೆ, ಹೊಟ್ಟೆ ಮೇಲಿನ ಸ್ಕ್ಯಾನ್ ಇವುಗಳಲ್ಲೇ ಹೆಚ್ಚಿನದು ತಿಳಿಯುತ್ತದೆ. ‘ಮದುವೆ ಆಗಿದೆಯಾ’ ಅಂತ ನಾವು ಕೇಳುವುದು ನಿಜವಾಗಿ ಸಂಪರ್ಕ ಆಗಿದೆಯೇ ಎಂದು ತಿಳಿಯಲಿಕ್ಕೆ. ಅದನ್ನು ಮಗಳು ಒಬ್ಬಳೇ ಇದ್ದಾಗ ಕೇಳಬೇಕು, ಅವಳು ಹೇಳಿದ್ದು ತಾಯಿಗೂ ಹೋಗಬಾರದು. ಪರೀಕ್ಷೆ ಮಾಡಿ ‘ಕನ್ಯೆಯೋ ಅಲ್ಲವೋ’ ಹೇಳಬಹುದು ಅನ್ನುವುದು ಸುಳ್ಳು. ಪೊರೆ ನೋಡಿ ಹಾಗೆ ಹೇಳಲು ವಿಜ್ಞಾನದಲ್ಲಿ ಆಧಾರವೇ ಇಲ್ಲ. ಅತ್ಯಾಚಾರದ ಪ್ರಕರಣಗಳಲ್ಲಿ ನಡೆಯುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಖಂಡಿಸಿ, ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದಿದೆ. ನಾನು ಮೇಲೆ ಹೇಳಿದ ಕೈ ಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ.

22 ವರ್ಷದ ಹುಡುಗಿಗೆ ಈ ಹೊತ್ತಿನಲ್ಲಿ ವಿಚಾರಿಸಬೇಕಾದದ್ದು ಎಚ್‌ಪಿವಿ ಲಸಿಕೆ. 9ರಿಂದ 14 ವರ್ಷದಲ್ಲಿ ಹಾಕಿಸಿದರೆ ಅತ್ಯುತ್ತಮ, 15 ದಾಟಿದವರಿಗೂ 26ರವರೆಗೆ ಪ್ರಯೋಜನವಿದೆ. ಲಸಿಕೆ ಹಾಕಿಸಿಕೊಂಡವರೂ ಮೂವತ್ತಾದ ಮೇಲೆ ತಪಾಸಣೆ ಬಿಡುವಂತಿಲ್ಲ.

ಉತ್ತರ 5: ಆರೋಗ್ಯ ಕಾರ್ಯಕರ್ತೆ, ಕಲಬುರಗಿ ಕಡೆ

ನಿಮ್ಮ ನಾಲ್ಕು ಮಂದಿ ಹಿಂಜರಿದಿದ್ದಕ್ಕ ಉತ್ತರ ನಾ ಹೇಳ್ತೀನ್ರಿ. ಅವರ ಅಂಜಿಕಿ ಸುಳ್ಳಲ್ಲ. ನಮ್ಮ ಜಿಲ್ಲಾದಾಗ ತಾಂಡಾದ ಹೆಣ್ಮಕ್ಕಳು ಬೆನ್ನುನೋವು, ಬಿಳಿ ಸೆರಗು, ಹೊಟ್ಟಿನೋವು ಅಂತ ಹೋದಾಗ ‘ಗರ್ಭಚೀಲದಾಗ ಹುಣ್ಣಾಗೇದ, ತೆಗಿಸದಿದ್ರ ಕ್ಯಾನ್ಸರ್ ಆಗ್ತದ’ ಅಂತ ಹೆದರಿಸಿ ತೆಗೆದದ್ದು ಖರೇನೇ ಆಗೇದ. ಸರ್ಕಾರ ತನಿಖಿ ಮಾಡಿಸ್ತು, 2017ರಾಗ ಹೆಣ್ಮಕ್ಕಳು ಬೀದಿಗಿ ಬಂದು ನ್ಯಾಯ ಕೇಳಿದ್ರು. ಬೇಡದ ಗರ್ಭಚೀಲ ಆಪರೇಷನ್ ತಡೀಲಿಕ್ಕ ಕೇಂದ್ರ ಮಾಡಿದ ಮಾರ್ಗಸೂಚಿ ಜಾರಿ ಮಾಡ್ರಿ ಅಂತ 2023ರ ಏಪ್ರಿಲ್‌ನಾಗ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳೇದ.

ಅದಕ್ಕ ಅವರು ತಪಾಸಣಿ ಬಿಡಬಾರದ್ರಿ, ತಿಳಕೊಂಡು ಹೋಗಬೇಕು. ತಪಾಸಣಿ ಅಂದ್ರ ನೋಡೂದು ಅಷ್ಟ. ತಪಾಸಣಿ ಮಾಡಿದ ದಿನಾನ ‘ಗರ್ಭಚೀಲ ತೆಗಿಸ್ರಿ’ ಅಂದ್ರ ರೊಕ್ಕ ಕಟ್ಟಬ್ಯಾಡ್ರಿ, ಎಲ್ಲಿಯೂ ಹೆಬ್ಬೆಟ್ಟು ಒತ್ತಬ್ಯಾಡ್ರಿ. ಚೀಟಿ, ಸ್ಕ್ಯಾನ್, ಪ್ಯಾಪ್ ವರದಿ ಎಲ್ಲಾ ಇಸ್ಕೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸ್ರಿ. ಅವು ನಿಮ್ಮ ಕಾಗದ, ಕೊಡಲಿಕ್ಕೇ ಬೇಕು.

‘ಹುಣ್ಣು’ ಅನ್ನೂದರಾಗ ಬಹಳ ಸಲ ಹುಣ್ಣು ಇರೂದೇ ಇಲ್ಲ. ಗರ್ಭಚೀಲದ ಒಳಗಿನ ಕೆಂಪು ಪೊರಿ ಬಾಯಿ ಹೊರಗ ಸ್ವಲ್ಪ ಕಾಣತದ, ಅದಕ್ಕ ಎಕ್ಟ್ರೋಪಿಯನ್ ಅಂತಾರ. ಹೆರಿಗಿ ಆದವರಿಗೆ, ಮಕ್ಕಳಾಗದಂಗ ಗುಳಿಗಿ ತಗೊಳೂರಿಗೆ ಇದು ಸಹಜ. ಪ್ಯಾಪ್ ಸರಿ ಇದ್ದು ತ್ರಾಸ ಇಲ್ಲಂದ್ರ ಏನೂ ಮಾಡಬೇಕಿಲ್ಲ. ಸೆರಗಿನ ವಿಷಯಾನೂ ಹಂಗ. ಮುಟ್ಟಿನ ನಡುವ ನೀರಿನಂಗ, ಲೋಳಿಯಂಗ ಹೋಗೂದು ದೇಹದ ಧರ್ಮ. ಮೊಸರಿನಂಗ ಗಟ್ಟಿ ಇದ್ದು ತುರಿಕಿ ಆದ್ರ ಶಿಲೀಂಧ್ರದ ಸೋಂಕು, ಮೀನಿನ ವಾಸನಿ ಬಂದ್ರ ಬ್ಯಾಕ್ಟೀರಿಯಾದ್ದು ಇರಬಹುದು. ಇವಕ್ಕ ಗುಳಿಗಿ, ಒಳಗ ಇಡೂ ಮಾತ್ರಿ ಸಾಕು. ಬಿಳಿ ಸೆರಗಿಗೆ ಗರ್ಭಚೀಲ ತೆಗೆಯೂದು ಎಲ್ಲೂ ಚಿಕಿತ್ಸಾ ಅಲ್ಲ.

ವಿಐಎ ಪಾಸಿಟಿವ್ ಬಂದ್ರೂ ಹಂಗ. ಆ ಜಾಗ ಅಷ್ಟ ಸುಡ್ತಾರ ಇಲ್ಲಾ ಹೆಪ್ಪುಗಟ್ಟಿಸ್ತಾರ. ಥರ್ಮಲ್ ಅಬ್ಲೇಷನ್ ಅಂದ್ರ ಕಾದ ತುದಿ ಇಪ್ಪತ್ತು ಮೂವತ್ತು ಸೆಕೆಂಡ್ ಇಡೂದು, ಅದೇ ದಿನ ಮನಿಗಿ. ಒಂದು ತಿಂಗಳ ತನಕ ನೀರಿನಂಗ ಹೋಗ್ತದ, ಆ ತಿಂಗಳು ಗಂಡನ ಕೂಡ ಇರಬಾರದು. ಗರ್ಭಚೀಲ ಇದ್ದಲ್ಲೇ ಇರ್ತದ. ಇದನ್ನ ಗಂಡಂದಿರಿಗೂ ಹೇಳ್ರಿ, ಅವರಿಗೆ ತಿಳೀದಿದ್ರ ಆ ತಿಂಗಳು ಹೆಣ್ಮಕ್ಕಳಿಗೇ ತ್ರಾಸ.

ಸಂಘದ ಕಾರ್ಯದರ್ಶಿ

ಕೊನೆಯದಾಗಿ: ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬರಬೇಕಾ? ವಾಪಸ್ ಬಂದು ಅದೇ ದಿನ ಕೆಲಸಕ್ಕೆ ಹೋಗಬಹುದಾ?

ಉತ್ತರ 6: ಒಪಿಡಿ ಸಿಸ್ಟರ್

ತಿಂಡಿ ತಿಂದು, ದಿನಾ ತಗೊಳ್ಳೋ ಬಿಪಿ ಮಾತ್ರೆ ನುಂಗಿಯೇ ಬನ್ನಿ. ಉಪವಾಸ ಕೂತು ಕ್ಯೂನಲ್ಲಿ ತಲೆಸುತ್ತಿ ಬೀಳೋದು ಬೇಡ. ಶುಗರ್ ಪರೀಕ್ಷೆನೂ ಮಾಡ್ತಾರೆ ಅಂದಿದ್ದರೆ ಮಾತ್ರ ಖಾಲಿ ಹೊಟ್ಟೇದಾ ಅಂತ ಆಶಾನ ಕೇಳ್ಕೊಳ್ಳಿ. ಆಗ ಶುಗರ್ ಮಾತ್ರೆನೂ ರಕ್ತ ಕೊಟ್ಟು ತಿಂಡಿ ತಿಂದ ಮೇಲೇ.

ಪ್ಯಾಪ್ ಆದವರಿಗೆ ಒಂದೆರಡು ದಿನ ಕಂದು ಬಣ್ಣದ ಕಲೆ ಕಾಣಬಹುದು, ಅದಕ್ಕೇ ಪ್ಯಾಡ್ ತನ್ನಿ ಅಂದಿದ್ದು. ಸ್ನಾನ, ಅಡುಗೆ, ಹೊಲದ ಕೆಲಸ ಎಲ್ಲ ಅದೇ ದಿನ ಮಾಡಬಹುದು. ಗಂಟೆಗೊಂದು ಪ್ಯಾಡ್ ತುಂಬೋ ಹಾಗೆ ಹೋದರೆ, ಜ್ವರ ಬಂದರೆ, ಕಿಬ್ಬೊಟ್ಟೆ ನೋವು ಏರ್ತಾ ಹೋದರೆ ಅವತ್ತೇ ವಾಪಸ್ ಬರಬೇಕು. ಪ್ಯಾಪ್ ವರದಿ ಯಾವ ದಿನ ಬರುತ್ತೆ, ಯಾವ ಕೌಂಟರಿನಲ್ಲಿ ಸಿಗುತ್ತೆ ಅಂತ ಮನೆಗೆ ಹೋಗೋ ಮುಂಚೆ ಚೀಟಿ ಹಿಂದೆ ಬರೆಸ್ಕೊಳ್ಳಿ. ಪರೀಕ್ಷೆ ಮಾಡಿಸಿ ವರದಿ ತಗೊಂಡು ಹೋಗದೇ ಇರೋರು ಎಷ್ಟೋ ಜನ, ಅದರಲ್ಲಿ ಮುಂದೆ ಚಿಕಿತ್ಸೆ ಬೇಕಾದವರದ್ದೂ ಇರುತ್ತೆ. ಹದಿನಾಲ್ಕು ಹೆಸರು, ಹದಿನಾಲ್ಕು ಸ್ಲೈಡ್ ನಂಬರ್ ಸಂಘದ ಪುಸ್ತಕದಲ್ಲಿ ಬರ್ಕೊಳ್ಳಿ ಅಕ್ಕ, ಫಲಿತಾಂಶ ಮಾತ್ರ ಅದರಲ್ಲಿ ಬರೀಬೇಡಿ. ಅದನ್ನ ಅವರವರ ಕೈಗೇ ಕೊಡಿ.